ಅಜ್ಜಿ ಕರೆದರೂ ತೆಗೆಯಬೇಡ

ನಮ್ಮ ಶಾಲೆಯ ಮಕ್ಕಳನ್ನು ಕೊಲ್ಲುವುದು ಎಷ್ಟು ಸುಲಭ ಎಂದು ತೋರಿಸಿಕೊಟ್ಟವಳು ನಾನೇ. ಅದೂ ಬರಿಗೈಯಲ್ಲಿ, ಏಪ್ರನ್ ಕಟ್ಟಿಕೊಂಡು.

ನಾನು ಶಾಲೆಯ ಅಡುಗೆಯವಳು. ಹೆಡ್ ಮೇಡಂನಿಂದ ಹಿಡಿದು ಒಂದನೇ ತರಗತಿಯ ಚಿಳ್ಳೆಪಿಳ್ಳೆಗಳವರೆಗೆ ಎಲ್ಲರಿಗೂ ನಾನು ಅಜ್ಜಿ. ನಿಜವಾದ ಮೊಮ್ಮಗಳು ಒಬ್ಬಳೇ, ಎರಡನೇ ತರಗತಿ. ಹುಟ್ಟಿದಾಗ ಕಾಳಿನಷ್ಟೇ ಇದ್ದಳು ಎಂದು ನಾನು ಜೀರಿಗೆ ಅಂದೆ, ಅದೇ ನಿಂತುಬಿಟ್ಟಿತು. ಅವಳಮ್ಮ, ಅಂದರೆ ನನ್ನ ಮಗಳು, ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಹೀಗಾಗಿ ಜೀರಿಗೆ ಮನೆಯಲ್ಲೂ ನನ್ನ ಬಾಲ, ಶಾಲೆಯಲ್ಲೂ ನನ್ನ ಬಾಲ.

ಆ ವರ್ಷ ಪಕ್ಕದ ಊರಿನ ಶಾಲೆಗೆ ಯಾರೋ ಬಂದೂಕು ಹಿಡಿದು ನುಗ್ಗಿದ್ದ. ಅಲ್ಲಿ ಆದದ್ದನ್ನು ಹೇಳಲು ನನ್ನ ಕೈಲಾಗುವುದಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗಬಾರದೆಂದು ನಮ್ಮಲ್ಲಿ ಎಲ್ಲ ತರಗತಿಗಳಿಗೂ ಹೊಸ ಬಾಗಿಲು ಕೂರಿಸಿದರು. ಎಳೆದುಕೊಂಡರೆ ತಾನೇ ಬೀಗ ಬೀಳುತ್ತದೆ. ಹೊರಗಿನಿಂದ ತೆಗೆಯಲು ಹೆಡ್ ಮೇಡಂ ಹತ್ತಿರವಿರುವ ಕೀಲಿಯೇ ಬೇಕು. ಕಿಟಕಿ ಗಾಜುಗಳಿಗೆ ಕಪ್ಪು ಹಾಳೆ ಬಂತು. ಗಂಟೆ ನಿಲ್ಲದೆ ಬಾರಿಸಿದರೆ ಬಾಗಿಲು ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಉಸಿರೆತ್ತದೆ ಕೂರಬೇಕು. ಯಾರು ಕರೆದರೂ ತೆಗೆಯಬಾರದು. ಇದನ್ನೆಲ್ಲ ಕಲಿಸಲು ಪೊಲೀಸ್ ಕೆಲಸದಿಂದ ನಿವೃತ್ತನಾದ ಒಬ್ಬ ತರಬೇತಿದಾರ ಬಂದ. ನಗಬೇಕಾದರೂ ಯಾರದೋ ಅಪ್ಪಣೆ ಬೇಕು ಅನ್ನುವಂಥ ಮುಖ ಅವನದು.

"ಯಾರ ದನಿ ಕೇಳಿದ್ರೆ ಮಕ್ಕಳು ಬಾಗ್ಲು ತೆಗೀತಾರೆ?" ಎಂದು ಅವನು ಕೇಳಿದ.

ಟೀಚರುಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ನನಗೆ ತಲೆಯ ಮೇಲೆ ಕೋಡು ಮೂಡಿದ ಹಾಗಾಯಿತು. ನಾಚಿಕೆಗೇಡು, ಆದರೆ ನಿಜ.

ಗೇಟು ಕಾಯುವ ಉದ್ದಣ್ಣ ಹಲ್ಲು ಕಿರಿದ. "ಏನಜ್ಜಿ, ಈ ವಯಸ್ಸಲ್ಲಿ ಕಳ್ಳರ ಗುಂಪಿಗೆ ಸೇರ್ಕೊಂಡ್ರಲ್ಲ!"

"ನಿನ್ನ ಹಾಗೆ ಗೇಟಿಗೆ ಒರಗಿ ತೂಕಡಿಸೋದಕ್ಕಿಂತ ವಾಸಿ ಬಿಡೋ" ಎಂದೆ.

ಅಭ್ಯಾಸದ ಗಂಟೆ ಬಾರಿಸಿತು. ಬಾಗಿಲುಗಳು ದಡದಡನೆ ಬಿದ್ದವು. ನಾನು ಎರಡನೇ ತರಗತಿಯ ಮುಂದೆ ನಿಂತು, ತರಬೇತಿದಾರ ಹೇಳಿಕೊಟ್ಟದ್ದನ್ನೇ ಕೂಗಿದೆ. "ಜೀರಿಗೇ, ನಾನು ಕಣೇ, ಅಜ್ಜಿ. ಕೈ ಸುಟ್ಕೊಂಡೆ ಮರಿ, ಬಾಗ್ಲು ತೆಗಿ."

ಒಳಗಿನಿಂದ ಟೀಚರ "ಏ, ಬೇಡ!" ಕೇಳಿಸುವಷ್ಟರಲ್ಲಿ ಬಾಗಿಲು ತೆರೆದೇ ಇತ್ತು. ಜೀರಿಗೆ ನನ್ನ ಮುಖವನ್ನೂ ನೋಡಲಿಲ್ಲ. "ಯಾವ ಕೈ ಅಜ್ಜಿ? ಎಲ್ಲಿ?" ಎಂದು ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡತೊಡಗಿದಳು. ನನ್ನ ಬೆನ್ನ ಹಿಂದಿನಿಂದ ತರಬೇತಿದಾರ ಒಳಗೆ ಹೋದ. ಅವನ ಕೈಯಲ್ಲಿ ಒಂದು ಸೀಮೆಸುಣ್ಣ. ಮೂಲೆಯಲ್ಲಿ ಕೂತಿದ್ದ ಒಂದೊಂದು ಮಗುವಿನ ಬೆನ್ನಿಗೂ ಗೆರೆ ಎಳೆಯುತ್ತ ಹೋದ. "ಇದು ಹೋಯ್ತು. ಇದೂ ಹೋಯ್ತು." ಕಚಗುಳಿಯಾಗಿ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಜೀರಿಗೆ ನನ್ನ ಕೈ ಬಿಟ್ಟು ಓಡಿಹೋಗಿ ಅವನಿಗೆ ಬೆನ್ನು ಕೊಟ್ಟು ನಿಂತಳು. "ಅಂಕಲ್, ನಂಗೂ ಹಾಕಿ!"

ಅವತ್ತು ಸಂಜೆ ಅವಳ ಸಮವಸ್ತ್ರ ಒಗೆಯಲು ಕೂತೆ. ಒಂದು ಸಲ ಉಜ್ಜಿದ್ದಕ್ಕೇ ಗೆರೆ ಹೊರಟುಹೋಯಿತು. ಆದರೂ ನಾನು ಉಜ್ಜುತ್ತಲೇ ಇದ್ದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳಿಸದ ಹಾಗೆ ಅತ್ತೆ.

ಮಾರನೇ ದಿನದಿಂದ ಮನೆಯಲ್ಲಿ ಆಟ ಶುರುಮಾಡಿದೆ. ಜೀರಿಗೆ ಮಲಗುವ ಕೋಣೆಯ ಒಳಗೆ, ನಾನು ಹೊರಗೆ. ತೆಗೆಯದೆ ಇದ್ದರೆ ಒಂದು ಒಣದ್ರಾಕ್ಷಿ. ಮೊದಮೊದಲು ನಾನು ಕೆಮ್ಮಿದರೂ ಸಾಕು, ಬಾಗಿಲು ತೆರೆದು ಕತ್ತು ಹೊರಗೆ ಹಾಕುತ್ತಿದ್ದಳು. ಬೈದೆ. ಒಂದು ದಿನ ಬೆನ್ನಿಗೊಂದು ಬಾರಿಸಿಯೂ ಬಿಟ್ಟೆ.

"ನಿಂಗೆ ನೋವಾಗಿದ್ರೆ?" ಎಂದು ಅವಳು ಬಿಕ್ಕುತ್ತ ಕೇಳಿದಳು.

"ಆಗಿದ್ರೂ ತೆಗಿಬೇಡ."

"ನೀನು ಅಳ್ತಿದ್ರೆ?"

"ಅತ್ರೂ ತೆಗಿಬೇಡ. ಅಜ್ಜಿ ಸತ್ತೇ ಹೋಗ್ತೀನಿ ಅಂದ್ರೂ ತೆಗಿಬೇಡ. ಅದು ಆಟ ಅಂದ್ಕೋ. ಹೆಡ್ ಮೇಡಂ ಕೀಲಿ ತಿರುಗಿಸೋವರೆಗೂ ಎಲ್ಲಾ ಆಟ."

ದಿನ ಕಳೆದಂತೆ ಕಲಿತಳು. ನಾನು ಬಾಗಿಲಿಗೆ ತಲೆಯಿಟ್ಟು ಗೋಳಾಡಿದರೂ ಒಳಗಿನಿಂದ ಪಿಟ್ಟೆನ್ನುತ್ತಿರಲಿಲ್ಲ. ಆಮೇಲೆ ಬಂದು ಅಂಗೈ ಚಾಚುತ್ತಿದ್ದಳು. ಏಪ್ರನ್ ಜೇಬಿನಿಂದ ದ್ರಾಕ್ಷಿ ತೆಗೆದು ಇಡುತ್ತಿದ್ದೆ.

ಮಗಳು ನನ್ನ ಮೇಲೆ ರೇಗಿದಳು. "ಅಮ್ಮಾ, ಮಗು ನಿದ್ದೇಲೂ 'ತೆಗೆಯಲ್ಲ, ತೆಗೆಯಲ್ಲ' ಅಂತಾಳೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಆಯ್ತು ನಿಂದು."

"ಚೆಲ್ಲಾಟ ಯಾರಿಗಿದೆಯೇ? ನಂಗೂ ಪ್ರಾಣಸಂಕಟಾನೇ" ಎಂದೆ.

ಕೊನೆಗೊಂದು ದಿನ ನಮ್ಮ ಶಾಲೆಗೂ ಬಂದೂಕಿನವನೊಬ್ಬ ಬಂದ, ಮಕ್ಕಳು ಹಾಲು ಕುಡಿಯುವ ಹೊತ್ತಿನಲ್ಲಿ. ಒಂದನೇ ತರಗತಿಗೆ ಕೊಟ್ಟು, ಎರಡನೆಯದಕ್ಕೆಂದು ಲೋಟಗಳ ತಟ್ಟೆ ಹಿಡಿದು ಕಾರಿಡಾರಿನಲ್ಲಿ ನಡೆಯುತ್ತಿದ್ದೆ. ಗೇಟಿನ ಕಡೆ ಢಂ ಎಂದಿತು. ಯಾವುದೋ ಗಾಡಿಯ ಟೈರು ಅಂದುಕೊಂಡೆ. ಅದರ ಹಿಂದೆಯೇ ಉದ್ದಣ್ಣ ಕಿರುಚಿದ. ಅಷ್ಟು ಎತ್ತರದ ಮನುಷ್ಯ ಸಣ್ಣ ಮಗುವಿನ ಹಾಗೆ ಕಿರುಚಿದ. ಗಂಟೆ ಹೊಡೆಯತೊಡಗಿತು, ನಿಲ್ಲಲಿಲ್ಲ. ನನ್ನ ಕಣ್ಣೆದುರೇ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಉದ್ದನೆಯ ಕಾರಿಡಾರಿನಲ್ಲಿ ನಾನೊಬ್ಬಳೇ.

ಹೊರಗೆ ಸಿಕ್ಕಿಕೊಂಡವರು ಮೆಟ್ಟಿಲ ಕೆಳಗಿನ ಪೊರಕೆ ಕೋಣೆ ಸೇರಬೇಕು ಎಂದು ತರಬೇತಿದಾರ ಹೇಳಿದ್ದ. ನನಗೆ ಗೊತ್ತಿತ್ತು. ಆದರೆ ತಟ್ಟೆ ಕೈಜಾರಿ ಬಿತ್ತು, ಕಾಲು ನನ್ನನ್ನು ಎರಡನೇ ತರಗತಿಯ ಬಾಗಿಲಿಗೆ ಎಳೆದುಕೊಂಡು ಹೋಯಿತು.

"ಜೀರಿಗೇ! ಬಾಗ್ಲು ತೆಗಿ! ಅಜ್ಜಿ ಕಣೇ!"

ಆಟಕ್ಕೆ ಕೂಗುತ್ತಿದ್ದ ಮಾತುಗಳೇ ಬಾಯಿಗೆ ಬಂದವು. ಬೇರೆ ಮಾತು ಎಲ್ಲಿಂದ ತರಲಿ? ಎರಡೂ ಕೈಯಿಂದ ಬಡಿದೆ. ಒಳಗೆ ಸಣ್ಣ ಕಾಲುಗಳು ಓಡಿಬಂದ ಸದ್ದು ಕೇಳಿಸಿತು. ಬಾಗಿಲ ಹತ್ತಿರವೇ ಬಂದು ನಿಂತವು. ಅವಳ ಮೂಗಿನ ಸೊರಸೊರ ನನಗೆ ಗೊತ್ತಾಗದೆ ಇರುತ್ತದೆಯೇ? ನಡುವೆ ಇದ್ದದ್ದು ಒಂದು ಹಲಗೆ.

ಸುಳ್ಳು ಹೇಳುವುದಿಲ್ಲ. ಅವಳು ತೆಗೆಯಲಿ ಎಂದೇ ನಾನು ಬೇಡಿಕೊಂಡೆ. ಮಕ್ಕಳ ನೆನಪು ಬರಲಿಲ್ಲ, ಸೀಮೆಸುಣ್ಣದ ಗೆರೆ ನೆನಪಾಗಲಿಲ್ಲ. ನನಗೆ ಬದುಕಬೇಕಿತ್ತು. "ಇದು ಆಟ ಅಲ್ಲ ಮರಿ, ನಿಜವಾಗ್ಲೂ ಕಣೇ, ದಮ್ಮಯ್ಯ" ಎಂದೆ.

ಅವಳು ತೆಗೆಯಲಿಲ್ಲ.

ಕಾರಿಡಾರಿನ ಆ ತುದಿಯಲ್ಲಿ ಬೂಟಿನ ಸದ್ದಾಯಿತು. ಅವಸರವಿಲ್ಲದ ಹೆಜ್ಜೆ. ಆಗ ಬುದ್ಧಿ ಬಂತು. ನಾನು ಇಲ್ಲಿ ನಿಂತು ಗೋಗರೆಯುವುದನ್ನು ಅವನು ಕಂಡರೆ, ಯಾವ ಬಾಗಿಲ ಹಿಂದೆ ಮಕ್ಕಳಿದ್ದಾರೆ ಎಂದು ನಾನೇ ತೋರಿಸಿಕೊಟ್ಟ ಹಾಗೆ. ಎರಡನೇ ಸಲ. ಬಾಗಿಲು ಬಿಟ್ಟು ಪೊರಕೆ ಕೋಣೆಗೆ ಓಡಿದೆ. ಬಕೆಟ್ಟುಗಳ ಸಂದಿಯಲ್ಲಿ ಮುದುಡಿ ಕೂತು ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಹಲ್ಲು ಅಷ್ಟು ಜೋರಾಗಿ ಕಟಕಟ ಅನ್ನುತ್ತಿತ್ತು.

ಅವನು ಚೆಲ್ಲಿದ ಹಾಲನ್ನು ತುಳಿದುಕೊಂಡು ಬಂದ. ಚಪ್ ಚಪ್ ಸದ್ದು ನಿಂತಿತು, ಎರಡನೇ ತರಗತಿಯ ಮುಂದೆಯೇ. ಮೆಲ್ಲಗೆ ತಟ್ಟಿದ.

"ಮಕ್ಕಳೇ, ಪೊಲೀಸ್ ಅಂಕಲ್ ಬಂದಿದೀನಿ. ಎಲ್ಲಾ ಮುಗೀತು. ಬಾಗ್ಲು ತೆಗೀರಿ."

ಎಷ್ಟು ಸಿಹಿ ದನಿ ಅಂತೀರಿ. ನಾನೇ ತೆಗೆಯುತ್ತಿದ್ದೆನೋ ಏನೋ. ಒಳಗೆ ಒಂದು ಪಿಸುಮಾತೂ ಇಲ್ಲ. ಅವನು ಒದ್ದ. ಬಾಗಿಲು ನಡುಗಿತು, ಬೀಗ ಜಗ್ಗಲಿಲ್ಲ. ಮತ್ತೆ ಒದ್ದ. ನಾನು ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ "ತೆಗಿಬೇಡ, ತೆಗಿಬೇಡ" ಎನ್ನುತ್ತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ನಿಜವಾದ ಪೊಲೀಸರ ಗದ್ದಲವೆದ್ದಿತು. ಅವನು ಓಡಿದ, ಆಟದ ಮೈದಾನ ದಾಟುವ ಮುಂಚೆ ಹಿಡಿದರು. ಯಾಕೆ ಬಂದಿದ್ದ ಎಂದು ಇವತ್ತಿಗೂ ಯಾರೂ ಸರಿಯಾಗಿ ಹೇಳಿಲ್ಲ. ಉದ್ದಣ್ಣನ ತೊಡೆಗೆ ಗುಂಡು ಬಿದ್ದಿತ್ತು, ಜೀವಕ್ಕೇನೂ ಆಗಲಿಲ್ಲ. ಈಗ ಕುಂಟುತ್ತ ಬಂದು ಅದೇ ಗೇಟು ಕಾಯುತ್ತಾನೆ.

ಹೆಡ್ ಮೇಡಂ ಕೀಲಿ ಹಿಡಿದು ಬಂದರು. ಬೀಗದ ತೂತು ಸಿಗದೆ, ಅವರ ಕೈಯನ್ನು ನಾನು ಹಿಡಿದುಕೊಳ್ಳಬೇಕಾಯಿತು. ಬಾಗಿಲು ತೆರೆಯಿತು. ಜೀರಿಗೆ ಬಾಗಿಲ ಪಕ್ಕದಲ್ಲೇ ಗೋಡೆಗೆ ಅಂಟಿಕೊಂಡು ಕೂತಿದ್ದಳು. ಟೀಚರು ಅವಳನ್ನು ಹಿಂದಿನಿಂದ ಬಿಗಿಯಾಗಿ ಅಪ್ಪಿಕೊಂಡಿದ್ದರು. "ನಾನು ಹಿಡ್ಕೊಳ್ಳೋದಕ್ಕೆ ಮುಂಚೇನೇ ನಿಂತುಬಿಟ್ಳು ಅಜ್ಜಿ. ಎರಡೂ ಕಿವಿ ಮುಚ್ಕೊಂಡು ನಿಂತುಬಿಟ್ಳು" ಎಂದರು.

ಜೀರಿಗೆ ಎದ್ದು ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಹಾಲು ಚೆಲ್ಲಿದ ಏಪ್ರನ್, ಬಡಿದು ಬಡಿದು ಕೆಂಪಾದ ಅಂಗೈ.

"ಅಜ್ಜಿ, ನೀನು ಆಟಕ್ಕೆ ಕೂಗಿದ್ಯಾ, ನಿಜವಾಗ್ಲೂ ಕೂಗಿದ್ಯಾ?"

ನಿಜ ಹೇಳಿದರೆ ಈ ಕೂಸು ಜನ್ಮವಿಡೀ ಆ ಬಾಗಿಲ ಹಿಂದೆಯೇ ನಿಂತಿರುತ್ತದೆ.

"ಆಟಕ್ಕೆ ಮರಿ" ಎಂದೆ.

"ಹಾಗಾದ್ರೆ ನಾನು ಗೆದ್ದೆ ಅಲ್ವಾ?"

"ಗೆದ್ದೆ ಕಣೇ."

ಅವಳು ಅಂಗೈ ಚಾಚಿದಳು. ಜೇಬಿಗೆ ಕೈ ಹಾಕಿದೆ. ದ್ರಾಕ್ಷಿ ಅಲ್ಲೇ ಇತ್ತು, ಬೆರಳಿಗೆ ತಾಕುತ್ತಿತ್ತು. ಆದರೆ ಹಿಡಿಯಲು ಹೋದಾಗಲೆಲ್ಲ ಜಾರುತ್ತಿತ್ತು. ಜೀರಿಗೆ ಕೈ ಚಾಚಿಕೊಂಡು ಕಾಯುತ್ತಲೇ ಇದ್ದಳು.