ಗಂಧಕದ ಬೊಟ್ಟು

ನಾನು ಕಣ್ಣಿಗೆ ಕಾಣದ ಒಂದು ನೂಲಿನ ಸುರುಳಿ. ಓದಿದವರು ನನ್ನನ್ನು ವರ್ಗಾವಣೆ ಆರ್‌ಎನ್‌ಎ ಎನ್ನುತ್ತಾರೆ. ಪ್ರೋಟೀನಿನ ಸರ ಪೋಣಿಸುವಲ್ಲಿಗೆ ಮಣಿ ಹೊತ್ತೊಯ್ಯುವ ಕೂಲಿ ನನ್ನದು. ಹುಟ್ಟಿದ್ದು ಒಂದೇ ಕೋಶದ ಪರಾವಲಂಬಿಯೊಂದರ ಒಳಗೆ. ಅದರ ವಾಸ ಬಿರ್ಜು ಮಾಂಝಿಯ ಎಲುಬಿನ ಮಜ್ಜೆಯಲ್ಲಿ. ಇಟ್ಟಿಗೆ ಭಟ್ಟಿಯ ಕೆಲಸಕ್ಕೆಂದು ಬಿಹಾರದಿಂದ ಧಾರವಾಡದ ಕಡೆಗೆ ಬಂದವನು ಅವನು. ಊರಿನಲ್ಲಿ ಮರಳುನೊಣ ಕಚ್ಚಿ ಕಾಲಾ ಅಜಾರ್ ಎಂಬ ಜ್ವರ ಹತ್ತಿಸಿಕೊಂಡಿದ್ದ.

ನನ್ನ ಒಡೆಯನಾದ ಆ ಪರಾವಲಂಬಿಯೊಳಗೆ ಮೈಟೋಕಾಂಡ್ರಿಯ ಎಂಬ ಒಲೆಮನೆ ಇತ್ತು. ಅದಕ್ಕೆ ಸ್ವಂತ ಕೂಲಿಗಳಿಲ್ಲ. ಹೊರಗೆ ಹುಟ್ಟಿದ ನಮ್ಮನ್ನೇ ಒಳಗೆಳೆದುಕೊಳ್ಳುತ್ತದೆ. ಅಲ್ಲಿ ನನ್ನ ಒಂದು ಅಕ್ಷರ ತಿದ್ದಿದರು, ಅದರ ಪಕ್ಕದ್ದಕ್ಕೆ ಗಂಧಕದ ಬೊಟ್ಟಿಟ್ಟರು. ಹೊರಗೆ 'ನಿಲ್ಲು' ಎನ್ನುವ ಸಂಕೇತಕ್ಕೆ ಆ ಒಲೆಮನೆಯಲ್ಲಿ 'ಇನ್ನೊಂದು ಮಣಿ ತಾ' ಎಂದರ್ಥ. ಹಾಗೆ ತಿದ್ದಿಸಿಕೊಂಡ ನಾನು ಓದಿದೆ, ಒಲೆ ಉರಿಯಿತು, ಒಡೆಯ ಬೆಳೆದ. ಬಿರ್ಜುವಿನ ಗುಲ್ಮ ಊದಿತು, ಕೈಕಾಲು ಕಡ್ಡಿಯಾದವು. ನನಗೆ ನನ್ನ ಕೆಲಸವಷ್ಟೇ ಗೊತ್ತಿತ್ತು.

ಯಾವ ಮದ್ದೂ ಅವನಿಗೆ ನಾಟಲಿಲ್ಲ. ಆಸ್ಪತ್ರೆಯ ಪ್ರಯೋಗಾಲಯದ ಶಶಿರೇಖಾ ಆ ಬೊಟ್ಟಿಡುವ ಕೈಯನ್ನೇ ತಡೆಯುವ ಒಂದು ರಾಸಾಯನಿಕ ಹುಡುಕಿದ್ದಳು. ಇಂಥ ಹಟಮಾರಿ ತಳಿಗೂ ಬೊಟ್ಟು ಇದೆಯೇ ಎಂದು ಅವಳು ನೋಡಬೇಕಿತ್ತು. ಇದ್ದರೆ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ನಿಲ್ಲುತ್ತದೆ.

ರೋಗ ಪತ್ತೆಗೆ ಒಮ್ಮೆ ತೆಗೆದಿದ್ದ ಮಜ್ಜೆಯನ್ನು ಎರಡನೇ ಸಲ ಕೇಳಲು ಅವಳು ಹಿಂಜರಿದಳು.

"ತಗೋರಿ," ಅಂದ ಬಿರ್ಜು, ಭಟ್ಟಿಯಲ್ಲಿ ಕಲಿತ ಕನ್ನಡದಲ್ಲಿ. "ನನಗ ಆರಾಮ ಆಗಾಂಗಿಲ್ಲ, ಗೊತ್ತೈತಿ. ನಮ್ಮೂರಾಗ ಭಾಳ ಮಂದಿ ಅದಾರ."

ಸೂಜಿಯಿಂದ ಪರಾವಲಂಬಿ ಬೆಳೆಸುವ ಸೀಸೆಗೆ ಬಂದೆವು. ಅಲ್ಲಿಂದ ನಮ್ಮನ್ನಷ್ಟೇ ಸೋಸಿ ಬೆರಳುದ್ದದ ಒಂದು ನಳಿಕೆಗೆ ಹಾಕಿದಳು. ಮರುದಿನವೇ ಸೀಸೆಗೆ ಬೂಷ್ಟು ಹಿಡಿಯಿತು. ಉಳಿದದ್ದು ಆ ನಳಿಕೆ ಒಂದೇ.

ಕೈಗವಸಿಲ್ಲದೆ ಯಾರೂ ಆ ಮೇಜು ಮುಟ್ಟುವಂತಿರಲಿಲ್ಲ. ಕಸ ಗುಡಿಸುವ ನೀಲವ್ವ ನಗುತ್ತಿದ್ದಳು: "ನಮ್ಮತ್ತಿ ಮಡಿಗಿಂತ ನಿಮ್ಮ ಮಡಿ ಜಾಸ್ತಿ ಆತ್ರಿ ಅಕ್ಕಾರ. ಆಕಿ ಕೈಕಾಲು ತೊಳಕೊಂಡ್ರ ಸಾಕು, ಒಳಗ ಬಿಡ್ತಿದ್ಳು."

ಶಶಿರೇಖಾ ಕೂಡ ನಕ್ಕಳೇ ಹೊರತು ಕಾರಣ ಹೇಳಲಿಲ್ಲ.

ಒಂದು ಮಧ್ಯಾಹ್ನ ವಾರ್ಡಿನಿಂದ ಕರೆ ಬಂತು. ಬಿರ್ಜು ತೀರಿಹೋಗಿದ್ದ. ನಳಿಕೆಯ ಮುಚ್ಚಳವನ್ನೂ ಒತ್ತದೆ ಅವಳು ಓಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು, ನಳಿಕೆ ಇಟ್ಟಿದ್ದ ತಟ್ಟೆಯ ಮಂಜುಗಡ್ಡೆ ಕರಗತೊಡಗಿತು. ನೀಲವ್ವ ಬಂದು ನೋಡಿದಳು. ಸಬಕಾರ ಹಚ್ಚಿ ಎರಡು ಸಲ ಕೈ ತೊಳೆದಳು. ಹೊಸ ಮಂಜುಗಡ್ಡೆ ತಂದು ಸುರಿದಳು. ಮಗುವಿಗೆ ಕುಲಾವಿ ಕಟ್ಟುವ ಹಾಗೆ ಮೆಲ್ಲಗೆ ಮುಚ್ಚಳ ಹಾಕಿದಳು. ಅವಳ ಹೆಬ್ಬೆರಳು ಮುಚ್ಚಳದ ಒಳಬದಿಗೆ ತಾಗಿತು.

ಬರಿಗೈಯ ಬೆವರಿನಲ್ಲಿ ನಮ್ಮಂಥವರನ್ನು ಕತ್ತರಿಸುವ ಕಿಣ್ವವೊಂದಿದೆ. ತೊಳೆದರೂ ಅದು ಹೋಗುವುದಿಲ್ಲ. ಸಂಜೆಯೊಳಗೆ ನಾನು ಚೂರುಚೂರಾದೆ.

ಮರುದಿನ ಪರೀಕ್ಷೆಯಲ್ಲಿ, ನಾವು ಇಡಿಯಾಗಿದ್ದರೆ ಮೂಡಬೇಕಿದ್ದ ಗೆರೆ ಮೂಡಲಿಲ್ಲ, ಬರೀ ಮಸುಕು.

"ಮುಚ್ಚಳ ಯಾರು ಹಾಕಿದ್ರು?"

"ನಾನ ರೀ. ಕೈ ಎರಡು ಸಲ ತೊಳಕೊಂಡೇನಿ."

ಶಶಿರೇಖಾ ನಳಿಕೆಯನ್ನು ಮಂಜುಗಡ್ಡೆಗೆ ಮರಳಿಸಿದಳು. "ಛಲೋ ಮಾಡೀರಿ ನೀಲವ್ವ," ಅಂದಳು. "ಕರೆಂಟು ಹೋಗಿತ್ತಲ್ಲ, ಅದಕ್ಕ ಕೆಟ್ಟದ."

ತಿಂಗಳ ಕೊನೆಗೆ ಅವಳ ಮೇಜು ಖಾಲಿಯಾಯಿತು. ಹೆಸರು ಬರೆದ ನಳಿಕೆಯನ್ನು ಮಾತ್ರ ಎಸೆಯಲಾರದೆ ಶೀತಪೆಟ್ಟಿಗೆಯ ಹಿಂದಿನ ಮೂಲೆಗಿಟ್ಟು ಹೋದಳು. ಪೆಟ್ಟಿಗೆ ಒರೆಸುವಾಗೆಲ್ಲ ನೀಲವ್ವ ನಳಿಕೆಯ ಮೇಲಿನ ಹಿಮ ಉಜ್ಜಿ "ಬಿರ್ಜು" ಎಂದು ಓದುತ್ತಾಳೆ. ಈಗ ಮರೆಯದೆ ಕೈಗವಸು ಹಾಕಿಕೊಳ್ಳುತ್ತಾಳೆ.

ಬೊಟ್ಟು ಇತ್ತು. ಯಾವುದೋ ಒಂದು ಚೂರಿನ ಮೇಲೆ ಈಗಲೂ ಇದೆ.