ತೌಡಿನ ಪಾಲು

“ದನದ ಬಾಯಿಗೆ ಹೋಗೋದನ್ನ ಕದೀತೀಯೇನೋ, ಬೋಳಿಮಗನೆ?”

ಜೈಲರ್ ಗಾರೆ ಕೆಲಸದ ಕೈದಿಯ ಕೊರಳಪಟ್ಟಿ ಹಿಡಿದು ಕೊಟ್ಟಿಗೆಯಿಂದ ಅಂಗಳಕ್ಕೆ ಎಳೆದ. ಚಡ್ಡಿಯ ಜೇಬಿನಿಂದ ತೌಡು ಸುರಿಯಿತು.

“ನನಗಲ್ಲ ಸ್ವಾಮಿ, ನಮ್ಮಣ್ಣಂಗೆ. ತೌಡು ತಿಂದ್ರೆ ಬಾವು ಇಳಿಯುತ್ತೆ ಅಂತ ಡಾಕ್ಟರೇ ಅಂದ್ರು.”

“ಆ ಡಾಕ್ಟರ್ ತೌಡಿಲ್ಲದ ಅಕ್ಕಿ ತಿಂದು ಬರೋ ಬೆರಿಬೆರಿ ಅಂತಾನೆ. ನಾನು ಸೋಮಾರಿತನ ಅಂತ ಬರ್ಕೊಂಡಿದ್ದೀನಿ. ಬಿಳಿ ಅಕ್ಕಿ ಬೇಕು ಅಂತ ಕುಣಿದೋನು ಯಾರಲೇ? ನಿಮ್ಮಪ್ಪನಾ?”

ಕುಣಿದವನು ಗಾರೆಯವನೇ. ಮೂರು ತಿಂಗಳ ಹಿಂದೆ, ತೌಡು ಹೋಗದ ಕೆಂಪು ಅನ್ನದ ತಟ್ಟೆಯನ್ನು ಬೋರಲು ಹಾಕಿ “ನಾವೇನು ದನವಾ?” ಎಂದಿದ್ದ. ಇಡೀ ಬ್ಯಾರಕ್ಕನ್ನು ಮೂರು ದಿನ ಉಪವಾಸ ಕೆಡವಿ ಗೆದ್ದಿದ್ದ. ಬಿಳಿ ಅನ್ನ ಬಂದ ದಿನ ಅಣ್ಣ, “ನನ್ನ ಮದುವೇಲೂ ಇಂಥ ಅನ್ನ ಬೇಯಲಿಲ್ಲ ಕಣೋ” ಎಂದು ಬೆನ್ನು ತಟ್ಟಿದ್ದ. ಅಂದಿನಿಂದ ಅಕ್ಕಿ ಇವರ ಹೊಟ್ಟೆಗೆ, ತೌಡು ಜೈಲರನ ಹಸುಗಳ ಹೊಟ್ಟೆಗೆ. ಹಸುಗಳ ಮೈ ಮಿರಮಿರ ಮಿಂಚಿತು. ಕೈದಿಗಳ ಕಾಲು ಬಾತು ಕಂಬವಾಯಿತು.

ಬ್ಯಾರಕ್ಕಿನಲ್ಲಿ ಅಣ್ಣ ಗೋಡೆಗೊರಗಿ ಏದುತ್ತಿದ್ದ. ಗಾರೆಯವನು ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದ. ಗುಳಿ ಹಾಗೇ ನಿಂತಿತು.

“ಹಸಿ ಗಾರೆ ಅಲ್ವೇನೋ? ಒಂದು ಸಲ ಕರಣೆ ಎಳೆದುಬಿಡು, ನುಣ್ಣಗಾಗ್ಲಿ.”

“ಸುಮ್ನಿರಣ್ಣ. ಬಾವು ಎದೆಗೇರಿದ್ರೆ ಮುಗೀತು ಅಂದವ್ರೆ ಡಾಕ್ಟರು.”

“ತೌಡು ಸಿಕ್ತಾ?”

“ಒದೆ ಸಿಕ್ತು.”

“ಹಸುವಾಗಿ ಹುಟ್ಟಬೇಕಿತ್ತು ಕಣೋ,” ಅಣ್ಣ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ.

ಸಂಜೆ ಎಣಿಕೆಯ ಗಂಟೆ ಹೊಡೆಯಿತು. ಎಲ್ಲರೂ ಅಂಗಳದಲ್ಲಿ ಸಾಲುಗಟ್ಟಿದರು. ಅಣ್ಣನನ್ನು ಇಬ್ಬರು ಹೊತ್ತು ತಂದು ಕೂರಿಸಿದರು.

“ಲೇ, ನಂಬರು ಹೇಳು,” ಎಂದ ಜೈಲರ್.

ಗಾರೆಯವನು ಮಂಡಿಯೂರಿದ, ಅಂಗೈಯೂರಿದ, ನಾಲ್ಕು ಕಾಲಿನವನಾದ.

“ಅವತ್ತು ದನವಾ ಅಂತ ಕೇಳಿ ತಪ್ಪು ಮಾಡ್ದೆ ಸ್ವಾಮಿ. ದನಾನೇ ಅಂತ ಬರ್ಕೊಳ್ಳಿ.”

“ಏಳಲೇ, ನಾಯಿ.”

“ನಾಯಲ್ಲ, ಹಸು. ಅಂಬಾ.”

ಕೋಲು ಬೆನ್ನ ಮೇಲೆ ಬಿತ್ತು. ಪಕ್ಕದ ಮುದುಕನೂ ಕೈಯೂರಿದ. “ಅಂಬಾ.” ಆಮೇಲೆ ಅವನ ಪಕ್ಕದವನು. ನಿಲ್ಲಲಾರದವರಿಗೆ ನಾಲ್ಕು ಕಾಲೇ ಸಲೀಸಾಗಿತ್ತು. ಇಡೀ ಸಾಲು ಅಂಬಾ ಎನ್ನುತ್ತ ಕೊಟ್ಟಿಗೆಯತ್ತ ತಿರುಗಿತು. ಯಾವ ಬೆನ್ನಿಗೆ ಬಾರಿಸುವುದೆಂದು ತಿಳಿಯದೆ ಜೈಲರ್ ಸಿಕ್ಕ ಸಿಕ್ಕ ಬೆನ್ನಿಗೆ ಬಾರಿಸಿದ.

ಗಾರೆಯವನು ಅಣ್ಣನನ್ನು ಮುಂದೆ ಬಿಟ್ಟುಕೊಂಡು ತೆವಳಿದ. ಗೋದಲಿಯಲ್ಲಿ ನೀರಿಗೆ ಕಲಸಿದ ತೌಡಿತ್ತು. ಅಣ್ಣ ಅದರೊಳಗೆ ಮುಖವಿಟ್ಟ.

ಹಸು ತಲೆಯೆತ್ತಿ ಒಮ್ಮೆ ನೋಡಿ, ಸರಿದು ಜಾಗ ಬಿಟ್ಟಿತು.