ಮೃದಂಗದ ಬೆರಳಿಗೊಂದು ಹವಳ

ನಾನು ಒಂದು ಹವಳದ ಉಂಗುರ. ನನ್ನ ಹವಳ ಯಾವ ಕಡಲಿನಲ್ಲಿ ಹುಟ್ಟಿತೋ ನನಗೆ ನೆನಪಿಲ್ಲ. ಚಿನ್ನದ ನೆನಪು ಮಾತ್ರ ಚೆನ್ನಾಗಿದೆ. ಅದು ಮೊದಲು ಕುಮುದಾ ಎಂಬ ಹೆಣ್ಣುಮಗಳ ಕಿವಿಯ ಮಾಟಿಯಾಗಿತ್ತು. ಮದುವೆಯಲ್ಲಿ ಅವಳ ತಾಯಿ ಹಾಕಿದ್ದು. ಸದಾ ಕಿವಿಯ ಬಳಿ ಇದ್ದುದರಿಂದಲೋ ಏನೋ, ಆ ಚಿನ್ನಕ್ಕೆ ಮಾತು ಕೇಳಿಸಿಕೊಳ್ಳುವ ಅಭ್ಯಾಸವಿತ್ತು. ಕರಗಿಸಿದಾಗಲೂ ಅದು ಹೋಗಲಿಲ್ಲ.

ಕರಗಿಸಿದವರು ಹಾಸನದ ಅಕ್ಕಸಾಲಿಗ ಪಾಪಾಚಾರ್. ಕುಮುದಾಳ ಗಂಡ ಶ್ರೀಕಂಠ ಆ ಊರಿನ ಮೃದಂಗ ವಿದ್ವಾಂಸರು. ನಗರಸಭೆಯಲ್ಲಿ ಗುಮಾಸ್ತರಾಗಿದ್ದರೂ ಊರಿನವರು ಅವರನ್ನು ಗುರುತಿಸುತ್ತಿದ್ದುದು ಮೃದಂಗದಿಂದಲೇ. ಬೆರಳಿನ ಅಳತೆ ತೆಗೆಯುವಾಗ ಪಾಪಾಚಾರ್ ತಲೆಯೆತ್ತಿ ನೋಡಿದರು.

"ಬೆರಳಾಡಿಸೋ ಬಲಗೈಗೆ ಉಂಗುರ ಯಾಕೆ ಸ್ವಾಮಿ? ಎಡಗೈಗೆ ಹಾಕ್ಕೊಳ್ಳಿ."

"ಎಡಗೈಗೆ ಹೆಂಗಸರು ಹಾಕ್ಕೊಳ್ಳೋದಂತೆ. ಜೋಯಿಸರು ಬಲಗೈಗೇ ಅಂದಿದ್ದಾರೆ."

ಪಾಪಾಚಾರ್ ಅಳತೆ ಬರೆದುಕೊಂಡರು. ನನ್ನ ಒಳಸುತ್ತನ್ನು ಬಹಳ ಹೊತ್ತು ಉಜ್ಜಿ ನುಣುಪು ಮಾಡಿದರು. ಹವಳ ಮೇಲೆದ್ದು ಚರ್ಮಕ್ಕೆ ತಾಗದಿರಲಿ ಎಂದು ಆಳಕ್ಕೆ ಕೂರಿಸಿದರು. ಯಾರೂ ಕೇಳದೆ ಮಾಡಿದ ಕೆಲಸ ಅದು. ನಾನು ಈ ಲೋಕದಲ್ಲಿ ಕಂಡ ಮೊದಲ ದಯೆ.

ನಾನು ಹುಟ್ಟಿದ್ದಕ್ಕೆ ಒಂದೇ ಕಾರಣವಿತ್ತು. ಕುಮುದಾಳ ಬಸಿರು ಅಲ್ಲಿಯವರೆಗೆ ನಿಂತಿರಲಿಲ್ಲ. ಪ್ರತಿಸಲವೂ ನಡುವೆಯೇ ಇಳಿದುಹೋಗಿತ್ತು. ಈಗ ಮತ್ತೆ ಬಸುರಿಯಾಗಿದ್ದಳು. ಜೋಯಿಸರು ಶ್ರೀಕಂಠರ ಜಾತಕ ನೋಡಿ, ಸಂತಾನಸ್ಥಾನದಲ್ಲಿ ಕುಜ ಕೂತಿದ್ದಾನೆ, ಹವಳ ಧರಿಸಬೇಕು, ಹೆರಿಗೆಯಾಗುವ ತನಕ ಅದು ಬೆರಳಿನಿಂದ ಇಳಿಯಕೂಡದು ಎಂದಿದ್ದರು. ಒಂದು ಮಂಗಳವಾರ ಬೆಳಿಗ್ಗೆ ನನ್ನನ್ನು ಹಾಲಿನಲ್ಲಿ ತೊಳೆದು ಬೆರಳಿಗೆ ಹಾಕಿದರು. ಕುಮುದಾ ನನ್ನನ್ನು ನೋಡಿದ ರೀತಿಯಲ್ಲಿ ಯಾರೂ ಒಂದು ಕಲ್ಲನ್ನು ನೋಡಬಾರದು.

ಶ್ರೀಕಂಠರು ದೊಡ್ಡ ವಿದ್ವಾಂಸರಾದ ಮೇಲೂ ತಮ್ಮ ಗುರುಗಳಾದ ಅಪ್ಪಣ್ಣಯ್ಯ ಮೇಷ್ಟರ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದರು. ಆ ಮನೆಯ ಬಾಗಿಲ ಪಕ್ಕ ಒಂದು ಹಿತ್ತಾಳೆ ತಟ್ಟೆ ಇರುತ್ತಿತ್ತು. ಪಾಠಕ್ಕೆ ಬಂದವರೆಲ್ಲ ಕೈಗಡಿಯಾರ, ಉಂಗುರ, ಕಡಗ, ಕೈಗೆ ಕಟ್ಟಿದ ಯಂತ್ರ, ಎಲ್ಲವನ್ನೂ ಅದರಲ್ಲಿ ಬಿಚ್ಚಿಟ್ಟೇ ಒಳಗೆ ಬರಬೇಕು. ಪಾಠ ಮುಗಿದ ಮೇಲೆ ಎತ್ತಿಕೊಂಡು ಹೋಗಬೇಕು. "ಚರ್ಮದ ಮೇಲೆ ಚರ್ಮ ಮಾತ್ರ ಬೀಳಬೇಕು" ಎನ್ನುವುದು ಮೇಷ್ಟರ ನಿಯಮ. ಹೊಸದಾಗಿ ಮದುವೆಯಾದ ಶಿಷ್ಯನೊಬ್ಬ ಮಾವ ಕೊಟ್ಟ ಗಡಿಯಾರ, ಮಾವ ಕೊಟ್ಟ ಉಂಗುರ ಹಾಕಿಕೊಂಡೇ ಒಳಗೆ ಕಾಲಿಟ್ಟಾಗ ಮೇಷ್ಟರು, "ಅಳಿಯಂದಿರೇ, ನಿಮ್ಮ ಮಾವನವರನ್ನ ತಟ್ಟೇಲಿ ಕೂರಿಸಿ ಬನ್ನಿ. ಕಾಫಿ ಬೇಕಾದ್ರೆ ಅಲ್ಲಿಗೇ ಕಳಿಸ್ತೀನಿ" ಎಂದರು. ಎಲ್ಲರೂ ನಕ್ಕರು.

ನನ್ನನ್ನು ಹಾಕಿಕೊಂಡು ಮೊದಲ ಸಲ ಹೋದ ದಿನ ಶ್ರೀಕಂಠರು ತಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನನ್ನು ತೆಗೆದು ಮೆಲ್ಲನೆ ಇಟ್ಟರು. ಪಕ್ಕದಲ್ಲಿದ್ದ ಗಡಿಯಾರವೊಂದು ಒಳಗಿನ ತಾಳಕ್ಕೆ ತನ್ನ ಟಿಕ್‌ಟಿಕ್ ಹೊಂದದೆ ಪೇಚಾಡುತ್ತಿತ್ತು. ಉಂಗುರವಾದ ಮೇಲೆ ನಾನು ಮೊದಲ ಬಾರಿ ಮೃದಂಗ ಕೇಳಿದೆ. ಬಲಮುಖದ ನಡುವೆ ಕರಣೆ ಎಂಬ ಕಪ್ಪು ವೃತ್ತವಿದೆ. 'ನಂ' ಎಂದು ನುಡಿಸುವಾಗ ತೋರುಬೆರಳು ಅಂಚಿಗೆ ಹೊಡೆಯುತ್ತದೆ, ಉಂಗುರದ ಬೆರಳು ಕರಣೆಯ ಪಕ್ಕ ಹಕ್ಕಿ ಕೂತ ಹಾಗೆ ಹಗುರವಾಗಿ ಕೂರುತ್ತದೆ. ಅದು ಹೊಡೆಯುವುದಿಲ್ಲ, ಸುಮ್ಮನೆ ಕೂರುತ್ತದೆ. ಅದು ಕೂರದಿದ್ದರೆ 'ನಂ' ಇಲ್ಲ. ಅದು ನನ್ನ ಬೆರಳು. ನನಗೆ ಹೆಮ್ಮೆಯಾಯಿತು.

ಆದರೆ ಮನೆಗೆ ಬಂದಾಗ ಕುಮುದಾಳ ಕಣ್ಣು ಮೊದಲು ಬಿದ್ದದ್ದು ಬೆರಳಿನ ಮೇಲೆ. ಅವಸರದಲ್ಲಿ ಹವಳವನ್ನು ಒಳಮುಖವಾಗಿ ಹಾಕಿಕೊಂಡಿದ್ದರು.

"ತೆಗೆದಿದ್ರಾ?"

"ಪಾಠದ ಹೊತ್ತಿಗೆ ಮಾತ್ರ."

ಅವಳು ಜಗಳವಾಡಲಿಲ್ಲ. ಬಡಿಸಿ, ತಾನು ಊಟಕ್ಕೆ ಕೂರದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಡುಗೆಮನೆಯ ಗೋಡೆಗೆ ಒರಗಿ ನಿಂತಳು. ಶ್ರೀಕಂಠರು ಅರ್ಧ ಅನ್ನ ಬಿಟ್ಟು ಎದ್ದರು. ಮುಂದಿನ ವಾರ ಮೇಷ್ಟರ ಬಾಗಿಲಲ್ಲಿ ತಟ್ಟೆ ದಾಟಿ ಬಂದು, ತಲೆ ತಗ್ಗಿಸಿ ವಿಷಯ ಹೇಳಿದರು.

ಮೇಷ್ಟರು ಬಹಳ ಹೊತ್ತು ನನ್ನನ್ನೇ ನೋಡಿದರು. "ನಿನಗೆ ಬುದ್ಧಿ ಹೇಳಬಹುದು ಕಂಠಿ. ಆ ಹುಡುಗಿಗೆ ಹೇಳೋ ಧೈರ್ಯ ನನಗಿಲ್ಲ. ಹೆರಿಗೆ ಆಗೋ ತನಕ ಹಾಗೇ ಬಾರಿಸು" ಎಂದರು.

ಹಾಗೆ ನಾನು ಮೃದಂಗದ ಮೇಲೆ ಹೋದೆ. ಅದು ನನ್ನ ಜಾಗವಲ್ಲ. ಪಾಪಾಚಾರ್ ಎಷ್ಟು ನುಣುಪು ಮಾಡಿದ್ದರೂ ನಾನು ಲೋಹ. ಪ್ರತಿ 'ನಂ' ಹಿಂದೆಯೂ ನನ್ನದೊಂದು ಕಟಕ್ ಎಂಬ ಸದ್ದು. ಕರಣೆಯ ಅಂಚು ಪುಡಿಪುಡಿಯಾಗಿ ಉದುರತೊಡಗಿತು. ಬೆರಳು ತರಚಿ ಊದಿಕೊಂಡಿತು, ನಾನು ಬಿಗಿಯಾದೆ. ಸಂಜೆ ಕುಮುದಾ ಹರಳೆಣ್ಣೆ ಬಿಸಿ ಮಾಡಿ ತಂದು, ನನ್ನನ್ನು ಒಂದು ಕೂದಲೆಳೆಯಷ್ಟೂ ಕದಲಿಸದ ಹಾಗೆ ಸುತ್ತಲೂ ತಿಕ್ಕುತ್ತಿದ್ದಳು.

"ನೋವಾ?"

"ಇಲ್ಲ."

"ಸುಳ್ಳು ಹೇಳ್ತೀರಿ."

"ಸರಿ, ಸುಳ್ಳು. ನಿನಗೆ ಹೇಗಿದೆ?"

"ಒದೀತಿದೆ. ನೀವು ಬಾರಿಸೋಕೆ ಕೂತ್ರೆ ಇನ್ನೂ ಜಾಸ್ತಿ."

"ತಾಳ ಸರಿಯಾಗಿದೆಯಾ?"

"ನಿಮಗಿಂತ ಸರಿಯಾಗಿದೆ" ಎಂದಳು. ಅವಳು ನಕ್ಕಿದ್ದನ್ನು ನಾನು ಆಗ ನೋಡಿದೆ. ನಾನು ನಿಜಕ್ಕೂ ಏನನ್ನೋ ಹಿಡಿದಿಟ್ಟಿದ್ದೇನೆಂದು ಆ ದಿನಗಳಲ್ಲಿ ನನಗೂ ಅನ್ನಿಸಿತ್ತು.

ರಾಮನವಮಿಯ ಕಚೇರಿ ಬಂತು. ಮೈಸೂರಿನಿಂದ ಹಾಡಲು ಬಂದವರು ರುಕ್ಮಾಂಗದ ರಾಯರು. ಅವರಿಗೆ ಮೃದಂಗ ನುಡಿಸಿದರೆ ಮುಂದೆ ಎಲ್ಲ ಊರಿನ ಚಪ್ಪರಗಳಿಂದಲೂ ಕರೆ ಬರುತ್ತಿತ್ತು. ಹೊರಡುವಾಗ ಕುಮುದಾ ಬಾಗಿಲವರೆಗೆ ಬಂದು, ಗಂಡನ ಕೈ ಹಿಡಿದು, ನನ್ನನ್ನು ಕಣ್ಣಿಗೊತ್ತಿಕೊಂಡಳು. "ನಾನಿವತ್ತು ಬರಲ್ಲ, ಸೊಂಟ ನೋಯ್ತಿದೆ. ಚೆನ್ನಾಗಿ ಬಾರಿಸಿ" ಎಂದಳು. ಅವರು ಮೃದಂಗವನ್ನು ಹೆಗಲಿಗೇರಿಸಿ ಬೀದಿಗಿಳಿದರು.

ಚಪ್ಪರದಲ್ಲಿ ಜನ ತುಂಬಿದ್ದರು. ಕಚೇರಿಯ ಮೊದಲಿಗೆ ಹಾಡುವ ವರ್ಣ ಮುಗಿಯಿತು. ರಾಯರು ಮೃದಂಗದ ಕಡೆ ಬಾಗಿ, "ಏನಯ್ಯಾ, ನಿನ್ನ ಮೃದಂಗಕ್ಕೆ ಗೆಜ್ಜೆ ಕಟ್ಟಿದ್ದೀಯಾ? ಮೈಕಿನ ತುಂಬಾ ಕಟಕಟ" ಎಂದರು. ಅವರು ಮೆಲ್ಲಗೇ ಹೇಳಿದ್ದು. ಆದರೆ ಮೈಕು ಅದನ್ನೂ ಹಿಡಿಯಿತು. ಚಪ್ಪರವೆಲ್ಲ ನಕ್ಕಿತು.

ಶ್ರೀಕಂಠರು ನನ್ನನ್ನು ನೋಡಿದರು. ಆಮೇಲೆ ಹೆಂಗಸರು ಕೂತಿದ್ದ ಕಡೆ ನೋಡಿದರು. ಅವಳು ಅಲ್ಲಿಲ್ಲವೆಂದು ಗೊತ್ತಿದ್ದೂ ನೋಡಿದರು. ಕುಡಿಯಲು ಇಟ್ಟಿದ್ದ ನೀರಿನಲ್ಲಿ ಬೆರಳು ಅದ್ದಿ ನನ್ನನ್ನು ಎಳೆದರು. ನನ್ನ ಜೊತೆ ಸ್ವಲ್ಪ ಚರ್ಮವೂ ಬಂತು. ಪಿಟೀಲಿನವರು ಏನೂ ಕೇಳದೆ, ಅವರಿಗೆ ಸಮಯ ಸಿಗಲಿ ಎಂದು ತಮ್ಮ ತಂತಿಗಳನ್ನು ಮತ್ತೆ ಶ್ರುತಿ ಮಾಡುತ್ತಾ ಕೂತರು. ಶ್ರೀಕಂಠರು ನನ್ನನ್ನು ಉತ್ತರೀಯದ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮೈಗೆ ತಾಗಿಕೊಂಡಿದ್ದರೆ ಸಾಕಲ್ಲವೇ" ಎಂದು ತುಟಿಯಲ್ಲೇ ಅಂದರು. ದೇವರಿಗೆ ಹೇಳಿದರೋ ನನಗೋ ತಿಳಿಯದು.

ಗಂಟಿನ ಕತ್ತಲೆಯಲ್ಲಿ ಕೂತು ನಾನು ಕೇಳಿದೆ. ಅಂಥ ನಾದವನ್ನು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಮೃದಂಗವೊಂದೇ ನುಡಿಯುವ ತನಿ ಆವರ್ತನ ಮುಗಿದಾಗ ರಾಯರು "ಭಲೆ" ಎಂದು ತೊಡೆ ತಟ್ಟಿದ್ದು ನನಗೆ ಗೊತ್ತಾಯಿತು.

ಮನೆಯ ಬೀದಿಗೆ ತಿರುಗುವ ಮೊದಲು ಶ್ರೀಕಂಠರು ನಿಂತು, ಗಂಟು ಬಿಚ್ಚಿ, ನನ್ನನ್ನು ಮತ್ತೆ ಬೆರಳಿಗೆ ತಳ್ಳಿಕೊಂಡರು. ಹೊಸ್ತಿಲಲ್ಲಿ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ನಿಂತಿದ್ದರು. ಅವರ ಸೀರೆಯ ಸೆರಗು ಒದ್ದೆಯಾಗಿತ್ತು.

"ಈಗ ತಾನೇ ಆಗಿದ್ದು ಕಣಪ್ಪಾ" ಎಂದರು. "ಹೇಳಿ ಕಳಿಸೋಕೂ ಹೊತ್ತು ಸಿಗಲಿಲ್ಲ. ಮಗು ನಿಲ್ಲಲಿಲ್ಲ. ಕುಮುದಾ ಉಳಿದಳಲ್ಲ, ಅಷ್ಟೇ ಸಾಕು ಅಂದ್ಕೋ."

ಈಗ ತಾನೇ. ಅಂದರೆ ನಾನು ಗಂಟಿನಲ್ಲಿದ್ದ ಹೊತ್ತಿಗೆ.

ಒಳಗೆ ಹೋಗಿ ಅವರು ಅವಳ ಪಕ್ಕ ಕೂತರು. ಅವಳು ಕಣ್ಣು ತೆರೆದು, ಅವರ ಕೈಯನ್ನು ನೋಡಿದಳು. ನಾನು ನನ್ನ ಜಾಗದಲ್ಲೇ ಇದ್ದೆ. ಅವಳು ಏನೂ ಕೇಳಲಿಲ್ಲ. ಅವರು ಏನೂ ಹೇಳಲಿಲ್ಲ.

ಮರುದಿನ ಶ್ರೀಕಂಠರು ಮೃದಂಗಕ್ಕೆ ಗವಸು ಹಾಕಿ ಅಟ್ಟಕ್ಕೇರಿಸಿದರು. ಊರೂರಿಂದ ಕರೆ ಬಂತು, ರಾಯರೇ ಕೇಳಿ ಕಳಿಸಿದರು. ಅವರು ಕೈಮುಗಿದು ಬೇಡವೆಂದರು. ಇನ್ನು ಯಾರಿಗೂ ಬೇಕಿಲ್ಲದ ನನ್ನನ್ನು ಮಾತ್ರ ಬೆರಳಿನಿಂದ ಇಳಿಸಲಿಲ್ಲ. ಸ್ನಾನದಲ್ಲಿ, ನಿದ್ದೆಯಲ್ಲಿ, ನಗರಸಭೆಯ ಮೇಜಿನ ಮೇಲೆ, ನಾನು ಅಲ್ಲೇ. ಪೆನ್ನು ಹಿಡಿಯುವುದಕ್ಕೆ ನಾನು ಅಡ್ಡವಾಗಲಿಲ್ಲ. ಮೃದಂಗದ ಮುಂದೆ ಬೆರಳಿನಲ್ಲೇ ಇರಬೇಕೆಂದು ನನಗೆ ಹೇಳಿದ್ದರು. ಈಗ ನಾನು ಬೆರಳಿನಲ್ಲೇ ಇದ್ದೆ, ಮೃದಂಗ ಇರಲಿಲ್ಲ.

ಕುಮುದಾ ಮತ್ತೆ ಬಸುರಿಯಾಗಲಿಲ್ಲ. ಅವಳು ಒಮ್ಮೆಯೂ ಅವರನ್ನು "ಬಾರಿಸಿ" ಎನ್ನಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ ತಾನೇ ಮಾತು ಬೇರೆ ಕಡೆ ತಿರುಗಿಸುತ್ತಿದ್ದಳು. ಅವರಿಗಾಗಿ ಅವಳು ಮಾಡುತ್ತಿದ್ದ ಉಪಕಾರ ಅದು. ರೇಡಿಯೋದಲ್ಲಿ ಕಚೇರಿ ಬಂದರೆ ಅವಳು ಸದ್ದಿಲ್ಲದೆ ಎದ್ದು ಅದರ ಗುಂಡಿ ತಿರುಗಿಸಿ ನಿಲ್ಲಿಸುತ್ತಿದ್ದಳು. ಅವರು ಕಿಟಕಿಯ ಕಡೆ ನೋಡುತ್ತಾ ಕೂರುತ್ತಿದ್ದರು. ಒಬ್ಬರನ್ನೊಬ್ಬರು ಇಷ್ಟು ಜೋಪಾನವಾಗಿ ನೋಡಿಕೊಂಡವರನ್ನು ನಾನು ಕಾಣೆ. ಆ ಜೋಪಾನದಲ್ಲಿ ಮನೆ ಉಸಿರುಕಟ್ಟಿಹೋಗಿತ್ತು.

ನಾನು ಒಂದು ಕಲ್ಲು, ಒಂದಿಷ್ಟು ಚಿನ್ನ. ನನ್ನಿಂದ ಏನೂ ನಿಲ್ಲುವುದಿಲ್ಲ, ಏನೂ ಹೋಗುವುದಿಲ್ಲ ಎಂದು ಮೊದಮೊದಲು ನನಗೆ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಒಬ್ಬ ಮನುಷ್ಯ ನಿಮ್ಮನ್ನು ನೋಡಿ ನೋಡಿ ನಿಟ್ಟುಸಿರು ಬಿಟ್ಟರೆ ಆ ತಿಳಿವು ಉಳಿಯುವುದಿಲ್ಲ. ಅಂದು ನಾನು ಗಂಟಿನಲ್ಲಿರದೆ ಬೆರಳಿನಲ್ಲೇ ಇದ್ದಿದ್ದರೆ? ನಾನೂ ಅದನ್ನೇ ಕೇಳಿಕೊಳ್ಳತೊಡಗಿದೆ.

ಅಪ್ಪಣ್ಣಯ್ಯ ಮೇಷ್ಟರು ಒಮ್ಮೆ ಬಂದಿದ್ದರು. ಬಹಳ ಮುದುಕರಾಗಿದ್ದರು. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಹೊರಡುವಾಗ ಚೀಲದಿಂದ ಆ ಹಿತ್ತಾಳೆ ತಟ್ಟೆ ತೆಗೆದು ಕೊಟ್ಟರು. "ನನ್ನ ಹತ್ರ ಈಗ ಯಾರೂ ಬರಲ್ಲ ಕಂಠಿ. ನಿನ್ನ ಮನೇಲಿರಲಿ. ಯಾವತ್ತಾದ್ರೂ ಬೇಕಾದೀತು." ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೆಟ್ಟಿಲಿಳಿಯುವಾಗ ಮಾತ್ರ ಆಸರೆಗೆಂದು ಶ್ರೀಕಂಠರ ಬಲಗೈಯನ್ನೇ ಹಿಡಿದು, ಆ ಬೆರಳನ್ನು ಒಮ್ಮೆ ಒತ್ತಿದರು.

ಶ್ರೀಕಂಠರು ನಿವೃತ್ತರಾದರು. ಗೆಣ್ಣುಗಳು ದಪ್ಪವಾದವು. ನನ್ನ ಮೇಲೂ ಕೆಳಗೂ ಮಾಂಸ ಬೆಳೆದು ನಾನು ಅದರೊಳಗೆ ಹೂತುಹೋದೆ. ಬೆರಳು ಮಡಿಸಲಾಗದೆ ಕಡ್ಡಿಯಂತೆ ನೆಟ್ಟಗೆ ನಿಂತಿತು. ಈ ಬೇಸಿಗೆಯಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗಿದಾಗ ಡಾಕ್ಟರು, ಉಂಗುರ ಕತ್ತರಿಸಿ ತೆಗೆಸದಿದ್ದರೆ ಬೆರಳು ಉಳಿಯದು ಎಂದರು. ಪಾಪಾಚಾರರ ಮಗ ಮೋಹನ ಉಪಕರಣಗಳ ಪೆಟ್ಟಿಗೆ ಹಿಡಿದು ಮನೆಗೇ ಬಂದ. ಕುಮುದಾ ಗಂಡನ ಮೊಣಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು.

"ನಮ್ಮ ತಂದೆ ಮಾಡಿದ್ದು ಅಲ್ವಾ ಅಮ್ಮ? ಕತ್ತರಿಸೋಕೆ ಮನಸ್ಸೇ ಬರಲ್ಲ."

"ಕತ್ತರಿಸಪ್ಪಾ. ಅದರಿಂದ ಏನಾಯ್ತು? ಅವತ್ತು ಇವರ ಬೆರಳಲ್ಲೇ ಇತ್ತು. ಕಣ್ಣಿಗೊತ್ತಿಕೊಂಡು ಕಳಿಸಿದ್ದೆ. ಇವರು ಮೃದಂಗ ಹೊತ್ತು ಬೀದಿ ಕೊನೆ ತಿರುಗಿರಲಿಲ್ಲ, ನನ್ನ ಮಗು ಹೋಗಿಯಾಗಿತ್ತು."

ಮೋಹನನ ಗರಗಸ ನನ್ನ ಮೇಲೆ ನಿಂತಿತು. ಶ್ರೀಕಂಠರು ಕೈ ಹಿಂದಕ್ಕೆ ಎಳೆದುಕೊಂಡಿದ್ದರು.

"ಯಾವಾಗ ಅಂದೆ?"

"ನೀವು ಹೊರಟ ಹಿಂದೇನೇ. ಪುಟ್ಟಲಕ್ಷ್ಮಮ್ಮ ಕರೆದು ತರ್ತೀನಿ ಅಂದ್ರು, ನಾನೇ ತಡೆದೆ. ಅಂಥಾ ಕಚೇರಿ, ಬಿಟ್ಟು ಬಂದುಬಿಡ್ತೀರಿ ಅಂತ. ಕರೀಲಿಲ್ಲ ಅಂತ ನೀವು ನೊಂದ್ಕೋತೀರಿ ಅಂತ ಅವರು 'ಈಗ ತಾನೇ ಆಗಿದ್ದು' ಅಂತ ಸುಳ್ಳು ಹೇಳಿದ್ರು. ಆಮೇಲೆ ನಾನು ಹೇಗೆ ಹೇಳ್ಲಿ?"

"ನಾನು ಉಂಗುರ ತೆಗೆದಿದ್ದೆ ಕುಮುದಾ" ಎಂದರು ಅವರು. "ವರ್ಣ ಆದ ಮೇಲೆ."

ಅವಳು ಅವರ ಮುಖ ನೋಡಿದಳು. ಅರ್ಥವಾಗುವುದಕ್ಕೆ ಸ್ವಲ್ಪ ಸಮಯ ಹಿಡಿಯಿತು.

"ಅದಕ್ಕಾ ಬಾರಿಸೋದು ಬಿಟ್ಟಿದ್ದು?"

ಅವರು ಅಟ್ಟದ ಕಡೆ ನೋಡಿದರು.

"ನಾನು ಒದ್ದಾಡ್ತಿದ್ದಾಗ ನೀವು ಬಾರಿಸ್ತಾ ಕೂತಿದ್ರಿ, ನಿಮಗೆ ಆ ಕೊರಗು ಅಂದ್ಕೊಂಡಿದ್ದೆ. ಅದಕ್ಕೇ ಯಾವತ್ತೂ ಕೇಳಲಿಲ್ಲ. ಅಯ್ಯೋ, ಕೇಳಬಾರದಾಗಿತ್ತೇ ನಾನು."

ಮೋಹನ ಬಾಯಾರಿಕೆಯ ನೆಪ ಹೇಳಿ ಹಿತ್ತಲಿಗೆ ಹೋದ. ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತು, ಒಳಗೆ ಅಳು ನಿಲ್ಲುವವರೆಗೂ ಕಾದು, ಆಮೇಲೆ ಬಂದು ನನ್ನನ್ನು ಕತ್ತರಿಸಿದ.

ನನ್ನ ಕೆಳಗಿನ ಚರ್ಮ ಎಳೆಗೂಸಿನ ಚರ್ಮದಷ್ಟು ಬೆಳ್ಳಗಿತ್ತು.

ಅಟ್ಟದಿಂದ ಮೃದಂಗ ಇಳಿಸಿಕೊಟ್ಟವನೂ ಮೋಹನನೇ. ಎಡಮುಖವನ್ನು ಹುಳು ತಿಂದಿತ್ತು. ಬಲಮುಖದಲ್ಲಿ ನಾನು ಉದುರಿಸಿದ ಕರಣೆಯ ಅಂಚು ಹಾಗೇ ಇತ್ತು. ಕುಮುದಾ ಒಳಗಿನಿಂದ ಹಿತ್ತಾಳೆ ತಟ್ಟೆ ತಂದು ಸೆರಗಿನಲ್ಲಿ ಒರೆಸಿ ಮುಂದಿಟ್ಟಳು. ಶ್ರೀಕಂಠರು ಹಳೆಯ ನಿಯಮದಂತೆ ನನ್ನನ್ನು ಅದರಲ್ಲಿ ಇಟ್ಟರು. ಕೈ ಎತ್ತಿದರು. ತೋರುಬೆರಳು ಅಂಚಿಗೆ ಬಿತ್ತು. ಉಂಗುರದ ಬೆರಳು ಕೂರಲಿಲ್ಲ. ಅದು ಯಾರಿಗೋ ದಾರಿ ತೋರಿಸುವ ಹಾಗೆ ಚಾಚಿಕೊಂಡೇ ಇತ್ತು. ಟಪ್ ಎಂದಿತು.

"ಇನ್ನೊಂದ್ಸಲ" ಎಂದಳು ಕುಮುದಾ.

ಟಪ್.

ತಟ್ಟೆಗೆ ಬಿದ್ದವರನ್ನು ಪಾಠ ಮುಗಿದ ಮೇಲೆ ಎತ್ತಿಕೊಳ್ಳುವುದು ಪದ್ಧತಿ. ನನ್ನನ್ನು ಯಾರೂ ಎತ್ತಿಕೊಂಡಿಲ್ಲ. ಬಾಯಿ ಬಿಟ್ಟುಕೊಂಡು ಇಲ್ಲೇ ಬಿದ್ದಿದ್ದೇನೆ. ನನ್ನಿಂದ ಏನೂ ಆಗಿರಲಿಲ್ಲವೆಂದು ಈಗ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಆ ತಿಳಿವಳಿಕೆಯನ್ನು ಇಟ್ಟುಕೊಂಡು ಏನು ಮಾಡಬೇಕೆಂದು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿಲ್ಲ. ಸಂಜೆ ಕುಮುದಾ ಹರಳೆಣ್ಣೆ ಬಿಸಿ ಮಾಡಿ ತರುತ್ತಾಳೆ. ಅವಳ ಕೈಗೆ ಈಗ ನಾನು ಅಡ್ಡವಿಲ್ಲ, ಬೆರಳನ್ನು ಬುಡದಿಂದ ತುದಿಯವರೆಗೆ ನೀವುತ್ತಾಳೆ. ಆಮೇಲೆ ಅವರು ಮೃದಂಗದ ಮುಂದೆ ಕೂರುತ್ತಾರೆ. ಅವಳು ತೊಡೆಯ ಮೇಲೆ ತಾಳ ಹಾಕುತ್ತಾಳೆ. ನಾನು ತಟ್ಟೆಯಿಂದ ಕೇಳುತ್ತೇನೆ.

'ನಂ' ಬರುವುದಿಲ್ಲ.